ಕೈಯಾರೆ ಮಾಡಿದ ಮೂಲೆಮಟ್ಟ: ಮುರಿದ ಬ್ಲೇಡ್ ಸಮೇತ ಪೂರ್ತಿ ಲೆಕ್ಕ

100 ಮಿ.ಮೀ. ಮೂಲೆಮಟ್ಟ, ಅಂದರೆ 90 ಡಿಗ್ರಿ ಕೋನ ಸರಿ ಇದೆಯಾ ಅಂತ ನೋಡುವ ಉಪಕರಣ, ಕೊನೆಗೂ ಮುಗಿಯಿತು. ದಪ್ಪ ಭಾಗ, ಅಂದರೆ ಸ್ಟಾಕ್, ಇಎನ್8 ಅನ್ನುವ ಮಧ್ಯಮ ಇಂಗಾಲದ ಉಕ್ಕಿನದು. ಬ್ಲೇಡ್, ಅಂದರೆ ತೆಳು ಪಟ್ಟಿ, ಒಎಚ್‌ಎನ್‌ಎಸ್ ಅನ್ನುವ ಟೂಲ್ ಉಕ್ಕಿನದು, ಹಾರ್ಡ್‌ನಿಂಗ್ (ಕಾಯಿಸಿ ಅದ್ದಿ ಗಟ್ಟಿ ಮಾಡುವುದು) ಮಾಡಿಸಿ ಗ್ರೈಂಡ್ ಮಾಡಿದ್ದು. ಯಾವ ಕ್ರಮದಲ್ಲಿ ಮಾಡಿದೆ, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅಂತ ಬರೆದಿಡುತ್ತಿದ್ದೇನೆ. ಇದನ್ನು ಮಾಡಲು ಹೊರಟವರಿಗೆ ಅಳತೆಗಳಾದರೂ ಉಪಯೋಗಕ್ಕೆ ಬರಲಿ.

"ಅಂಗಡೀಲಿ ಮುನ್ನೂರು ನಾನೂರಕ್ಕೆ ಸಿಗುತ್ತಲ್ಲ ಸಾರ್" ಅಂತ ಕೇಳಿದವರೇ ಜಾಸ್ತಿ. ಸಿಗುತ್ತೆ. ನನ್ನ ಹತ್ತಿರವೂ ಅಂಥದ್ದೊಂದಿದೆ. ಅದನ್ನು ತಿರುಗಿಸಿ ನೋಡುವ ಪರೀಕ್ಷೆಗೆ ಇಟ್ಟೆ. ನೇರ ಅಂಚಿರುವ ತಗಡಿಗೆ ಮಾರ್ಕಿಂಗ್ ಬ್ಲೂ (ಗೆರೆ ಎದ್ದು ಕಾಣಲು ಹಚ್ಚುವ ನೀಲಿ ಬಣ್ಣ) ಬಳಿದು, ಸ್ಟಾಕನ್ನು ಅಂಚಿಗೆ ಒತ್ತಿ, ಬ್ಲೇಡಿನ ಪಕ್ಕ ಒಂದು ಗೆರೆ ಎಳೆಯಬೇಕು. ಆಮೇಲೆ ಮೂಲೆಮಟ್ಟವನ್ನು ಮಗುಚಿ ಹಾಕಿ, ಅದೇ ಬುಡದಿಂದ ಇನ್ನೊಂದು ಗೆರೆ. ಕೋನ ಸರಿಯಾಗಿ 90 ಡಿಗ್ರಿ ಇದ್ದರೆ ಎರಡೂ ಗೆರೆ ಒಂದರ ಮೇಲೊಂದು ಬೀಳುತ್ತವೆ. ಇಲ್ಲದಿದ್ದರೆ ಮೇಲೆ ಹೋಗುತ್ತಾ ಅಗಲವಾಗುತ್ತವೆ. ಆ ಅಗಲದಲ್ಲಿ ಅರ್ಧ ನಿಜವಾದ ತಪ್ಪು. ನನ್ನದರಲ್ಲಿ 90 ಮಿ.ಮೀ. ಎತ್ತರಕ್ಕೆ 0.3 ಮಿ.ಮೀ. ಅಂತರ ಬಂತು. ತಪ್ಪು 0.15. ಮರದ ಕೆಲಸಕ್ಕೆ ನಡೆಯುತ್ತೆ. ಮಿಲ್ಲಿಂಗ್ ಮೆಷಿನ್ನಿನ (ತಿರುಗುವ ಕಟರ್‌ನಿಂದ ಲೋಹ ಕೊರೆಯುವ ಯಂತ್ರ) ವೈಸ್ ಸೆಟ್ ಮಾಡೋದಕ್ಕೆ ನಡೆಯಲ್ಲ.

ಐಟಿಐನಲ್ಲಿ ಫಿಟರ್ ಓದಿದವರೆಲ್ಲ ಮೂಲೆಮಟ್ಟದ ಥರದ್ದೊಂದು ಮಾಡಿಯೇ ಇರುತ್ತಾರೆ. ಅದು ಮಾರ್ಕ್ಸ್‌ಗೆ ಮಾಡಿದ್ದು. ಫೈಲ್ ಹೊಡೆದು ಹೊಳಪು ಬಂದರೆ ಸಾಕಿತ್ತು. ಈ ಸಲ ನಿಜವಾಗಿ ಅಳತೆಗೆ ಬಳಸುವಂಥದ್ದು ಬೇಕಿತ್ತು. ಜಾಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯರೊಬ್ಬರ ಜಾಬ್‌ವರ್ಕ್ ಶೆಡ್. ಒಂದು ಲೇತ್, ಒಂದು ಹಳೆಯ ಹಾರಿಜಾಂಟಲ್ ಮಿಲ್ಲಿಂಗ್ ಮೆಷಿನ್, ಒಂದು ಬೆಂಚ್ ಡ್ರಿಲ್. ಭಾನುವಾರ ಅರ್ಧ ದಿನ ಮೆಷಿನ್ ಖಾಲಿ ಇರುತ್ತೆ. ಕೈಕೆಲಸವೆಲ್ಲ ಮನೆಯ ಹಿಂದಿನ ಶೆಡ್ಡಿನಲ್ಲಿ.

ಅಳತೆ: ಸ್ಟಾಕ್ 75 × 22 × 14 ಮಿ.ಮೀ. ಬ್ಲೇಡ್ 25 ಅಗಲ, 3 ದಪ್ಪ, 122 ಉದ್ದ. 22 ಸ್ಟಾಕಿನೊಳಗೆ, 100 ಹೊರಗೆ.

1. ಮೊದಲು ಸಿಲಿಂಡರ್

ಮೂಲೆಮಟ್ಟಕ್ಕೆ ಕೈ ಹಾಕುವ ಮೊದಲು ಅದನ್ನು ಯಾವುದಕ್ಕೆ ಒರಗಿಸಿ ನೋಡೋದು ಅನ್ನೋದು ತೀರ್ಮಾನವಾಗಬೇಕು. ಟೂಲ್ ರೂಮಿನಲ್ಲಿ ಮಾಸ್ಟರ್ ಸ್ಕ್ವೇರ್ ಇರುತ್ತೆ, ಆದರೆ ಅದನ್ನು ಯಾರೂ ಹೊರಗೆ ಕೊಡಲ್ಲ. ಕೊಡಬಾರದು ಕೂಡ. ಹಾಗಾಗಿ ಸಿಲಿಂಡರ್ ಸ್ಕ್ವೇರ್ (ತಳಕ್ಕೆ ಪಕ್ಕ ಸರಿಯಾಗಿ ಲಂಬವಾಗಿರುವ ಉರುಳೆ) ಒಂದನ್ನು ಲೇತಿನಲ್ಲೇ ಮಾಡಿಕೊಂಡೆ. ಇಡೀ ಕೆಲಸದಲ್ಲಿ ಒಳ್ಳೆಯ ತೀರ್ಮಾನ ಅಂದರೆ ಇದೇ.

50 ಮಿ.ಮೀ. ಇಎನ್8 ರೌಂಡ್, 150 ಉದ್ದ. ಎರಡೂ ಕಡೆ ಸೆಂಟರ್ ಡ್ರಿಲ್ ಹಾಕಿ, ಕ್ಯಾರಿಯರ್ (ಕೆಲಸದ ತುಂಡನ್ನು ತಿರುಗಿಸುವ ಹಿಡಿ) ಕಟ್ಟಿ, ಲೇತಿನ ಎರಡು ಚೂಪು ಸೆಂಟರ್‌ಗಳ ನಡುವೆ ಹಿಡಿದು ಟರ್ನಿಂಗ್. ಚಕ್‌ನಲ್ಲಿ ಹಿಡಿಯಬೇಡಿ, ಆಗ ಸಿಲಿಂಡರ್ ಬದಲು ಕೋನ್ ಬರುವುದೇ ಹೆಚ್ಚು. ಮೊದಲ ಕಟ್ ಆದ ಮೇಲೆ ಮೈಕ್ರೋಮೀಟರ್ ಇಟ್ಟರೆ ಟೈಲ್‌ಸ್ಟಾಕ್ (ಲೇತಿನ ಇನ್ನೊಂದು ತುದಿಯ, ಸರಿಸಬಹುದಾದ ಆಸರೆ) ಕಡೆ 0.03 ದಪ್ಪ. ವ್ಯಾಸದಲ್ಲಿ 0.03 ಅಂದರೆ ಟೈಲ್‌ಸ್ಟಾಕ್ ಅದರ ಅರ್ಧ, 0.015 ಸರಿಯಬೇಕು. ಡಯಲ್ ಗೇಜ್ ಒಂದನ್ನು ಟೈಲ್‌ಸ್ಟಾಕಿಗೆ ಮುಟ್ಟಿಸಿಟ್ಟುಕೊಂಡು ಸ್ಕ್ರೂ ತಿರುಗಿಸಿದರೆ ಸುಲಭ. ಸುಮ್ನೆ ಅಂದಾಜಿನಲ್ಲಿ ತಿರುಗಿಸಿದರೆ ಸಂಜೆಯವರೆಗೂ ಅದೇ ಕೆಲಸ.

ಕೊನೆಯ ಕಟ್ 0.1, ಫೀಡ್ 0.05. ಮಧ್ಯದಲ್ಲಿ ಕರೆಂಟ್ ಹೋಯಿತು. ಟೂಲ್ ನಿಂತ ಜಾಗದಲ್ಲಿ ಗೆರೆ ಬಿತ್ತು. ಉಗುರಿಗೆ ತಗಲುವಷ್ಟು. ಅದನ್ನು ತೆಗೆಯೋಕೆ ಇನ್ನೊಂದು ಕಟ್. ಕೊನೆಗೆ ಒಂದು ತುದಿ 48.210, ಇನ್ನೊಂದು ತುದಿ 48.213. ವ್ಯಾಸದಲ್ಲಿ 3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂದರೆ ಒಂದು ಪಕ್ಕಕ್ಕೆ ಒಂದೂವರೆ ಮೈಕ್ರಾನ್. ಸಾಕು.

ಈಗ ಮುಖ್ಯವಾದ ಭಾಗ. ಸಿಲಿಂಡರ್ ತೆಗೆಯದೆ, ಅದೇ ಸೆಂಟರ್‌ಗಳ ನಡುವೆಯೇ ಅದರ ತಳ ಫೇಸಿಂಗ್ (ತುದಿಯ ಮೈಯನ್ನು ಅಡ್ಡಕ್ಕೆ ಕೊರೆದು ಸಮ ಮಾಡುವುದು) ಮಾಡಬೇಕು. ಟೈಲ್‌ಸ್ಟಾಕಿಗೆ ಹಾಫ್ ಸೆಂಟರ್ (ಒಂದು ಪಕ್ಕ ಕತ್ತರಿಸಿದ ಸೆಂಟರ್) ಹಾಕಿದರೆ ಟೂಲ್ ಒಳಗೆ ಹೋಗಲು ಜಾಗ ಸಿಗುತ್ತೆ. ಹೊರಗಿನ 4 ಮಿ.ಮೀ. ಅಂಚನ್ನು ಮಾತ್ರ ಬಿಟ್ಟು ಒಳಗೆಲ್ಲ 1 ಮಿ.ಮೀ. ತಗ್ಗು ಮಾಡಿದೆ. ಲೇತಿನ ಕ್ರಾಸ್ ಸ್ಲೈಡ್ ಸ್ವಲ್ಪ ಓರೆ ಇದ್ದರೂ ಪರವಾಗಿಲ್ಲ. ಆಗ ಅಂಚು ತುಸು ಬೋಗುಣಿಯಾಗಬಹುದು. ಆದರೆ ಕೆಲಸ ಅದೇ ಅಕ್ಷದ ಸುತ್ತ ತಿರುಗಿದ್ದರಿಂದ ಅಂಚಿನ ಸುತ್ತು ಎಲ್ಲ ಕಡೆ ಒಂದೇ ಎತ್ತರದಲ್ಲಿರುತ್ತೆ. ಸಮತಟ್ಟಾದ ಕಲ್ಲಿನ ಮೇಲೆ ಇಟ್ಟರೆ ಸಿಲಿಂಡರ್ ನೆಟ್ಟಗೆ ನಿಲ್ಲಲೇಬೇಕು. ಒಂದು ಮಾಮೂಲಿ ಲೇತಿನಿಂದ ಇಷ್ಟು ಒಳ್ಳೆಯ ಲಂಬ ಸಿಗೋದು ಇದೊಂದೇ ದಾರಿಯಲ್ಲಿ.

ಟರ್ನರ್ ಅಣ್ಣ ಬಂದು ಕೈಯಲ್ಲಿ ಹಿಡಿದು ನೋಡಿದರು. "ಲಟ್ಟಣಿಗೆ ಥರ ಇದೆಯಲ್ಲ ಸಾರ್, ಮೂಲೆಮಟ್ಟ ಎಲ್ಲಿ?" ಅಂದರು.

2. ಸ್ಟಾಕ್

25 ಮಿ.ಮೀ. ಚೌಕದ ಇಎನ್8 ಬ್ರೈಟ್ ಬಾರ್ ತಂದಿದ್ದೆ. ಒಂದು ಮೈಯಿಂದ ಒಂದೇ ಸಲಕ್ಕೆ 8 ಮಿ.ಮೀ. ತೆಗೆದು ನೋಡಿದರೆ ತುಂಡು ಬಾಗಿತ್ತು. ಬ್ರೈಟ್ ಬಾರನ್ನು ತಣ್ಣಗಿರುವಾಗಲೇ ಎಳೆದು ಮಾಡಿರುತ್ತಾರೆ, ಮೇಲಿನ ಪದರದಲ್ಲಿ ಬಿಗಿ ಉಳಿದಿರುತ್ತೆ. ಒಂದು ಕಡೆಯ ಪದರ ಕಿತ್ತರೆ ಇನ್ನೊಂದು ಕಡೆ ಎಳೆಯುತ್ತೆ. ಎರಡನೇ ತುಂಡಿಗೆ ನಾಲ್ಕೂ ಮೈ ಸರದಿಯಂತೆ ಕತ್ತರಿಸಿ, ಪ್ರತಿ ಅಳತೆಗೂ 0.5 ಹೆಚ್ಚು ಬಿಟ್ಟು, ಒಂದು ವಾರ ಹಾಗೇ ಇಟ್ಟು, ಆಮೇಲೆ ಫಿನಿಶ್ ಮಾಡಿದೆ. ಕಪ್ಪು ಬಾರ್ (ಬಿಸಿಯಾಗಿರುವಾಗಲೇ ಉರುಳಿಸಿ ಮಾಡಿದ್ದು) ತಂದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

22 ಅಳತೆಯ ಎರಡು ಮೈಗಳು ಒಂದಕ್ಕೊಂದು ಸಮಾನಾಂತರ ಇರಬೇಕು. ಗ್ರೈಂಡಿಂಗ್ ಆದ ಮೇಲೆ ಮೂರು ಕಡೆ ಅಳೆದರೆ ವ್ಯತ್ಯಾಸ 0.004. ಬ್ಲೇಡಿನ ಎರಡು ಅಂಚುಗಳೂ ಹೀಗೇ ಇದ್ದರೆ ಒಳಗಿನ ಕೋನ ಸರಿಯಾದಾಗ ಹೊರಗಿನ ಕೋನ ತಾನೇ ಸರಿಯಾಗುತ್ತೆ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಕೊನೆಯಲ್ಲಿ ಒಳಗಿನದು ತಿದ್ದುವಾಗ ಹೊರಗಿನದು ಕೆಡುತ್ತೆ, ಹೊರಗಿನದು ತಿದ್ದುವಾಗ ಒಳಗಿನದು.

3. ಬ್ಲೇಡ್, ಕುಲುಮೆಯಲ್ಲಿ

ಗುಜರಿಯಲ್ಲಿ ಸಿಕ್ಕ ಪಟ್ಟಿ ಬಳಸಬೇಡಿ. ಯಾವ ಉಕ್ಕು ಅಂತ ಗೊತ್ತಿಲ್ಲದೆ ಅದನ್ನು ಎಷ್ಟು ಕಾಯಿಸಬೇಕು ಅನ್ನೋದೇ ಗೊತ್ತಾಗಲ್ಲ. ಒಎಚ್‌ಎನ್‌ಎಸ್ 4 ಮಿ.ಮೀ. ಪ್ಲೇಟಿನ ತುಂಡು ಕೊಂಡೆ. ಸುಮಾರು 0.95 ಶೇಕಡಾ ಇಂಗಾಲ, ಜೊತೆಗೆ ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ, ಸ್ವಲ್ಪ ಟಂಗ್‌ಸ್ಟನ್. ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತೆ, ಆಕಾರ ಅಷ್ಟಾಗಿ ಬದಲಾಗಲ್ಲ. ಹೆಸರಿನಲ್ಲೇ 'ನಾನ್ ಶ್ರಿಂಕಿಂಗ್' ಅಂತ ಇದೆ. ಅದನ್ನು ಪೂರ್ತಿ ನಂಬಬೇಡಿ.

ಮಿಲ್ಲಿಂಗ್ ಮಾಡಿ 3.4 ದಪ್ಪಕ್ಕೆ ತಂದೆ. ಹಾರ್ಡ್‌ನಿಂಗ್ ಆದ ಮೇಲೆ ಒಂದೊಂದು ಮೈಗೆ 0.2 ಗ್ರೈಂಡಿಂಗ್‌ಗೆ ಅಂತ ಲೆಕ್ಕ. ಬಾಲದ ಕಡೆ ರಿವಿಟ್‌ಗೆ 4.2 ಮಿ.ಮೀ. ತೂತು ಮೂರು, ತ್ರಿಕೋನವಾಗಿ. ಗಟ್ಟಿಯಾದ ಮೇಲೆ ತೂತು ಹಾಕೋಕೆ ಆಗಲ್ಲ, ಅದಕ್ಕೇ ಮೊದಲೇ. ಒಳಮೂಲೆಗೆ ಬರುವ ಕಡೆ ಚಿಕ್ಕ ಕಚ್ಚು, ಕೆಲಸದ ತುಂಡಿನ ಬರ್ (ಅಂಚಿನಲ್ಲಿ ಉಳಿದ ಮುಳ್ಳು) ಅಲ್ಲಿ ಸಿಕ್ಕಿಕೊಳ್ಳದ ಹಾಗೆ.

ಹಾರ್ಡ್‌ನಿಂಗ್ ಅಂಗಡಿಯವರು ಒಂದು ತುಂಡಿಗೂ ಮಿನಿಮಮ್ ಚಾರ್ಜ್ ಕೇಳಿದರು. ಅದನ್ನು ಉಳಿಸೋಣ ಅಂತ ಪಾಂಡವಪುರದ ಕಡೆಯ ಒಂದು ಕುಲುಮೆಗೆ ಹೋದೆ. ಕುಡುಗೋಲು, ಕಬ್ಬು ಕಡಿಯುವ ಮಚ್ಚು ಮಾಡುವ ಆಚಾರ್ರು. ಒಳ್ಳೆಯ ಕೈ. ಬ್ಲೋವರ್ ಹಾಕಿದ ಒಲೆ, ಇದ್ದಿಲು. ನಾನು ಡಬ್ಬದಲ್ಲಿ ಕಡಲೆಕಾಯಿ ಎಣ್ಣೆ ತಗೊಂಡು ಹೋಗಿದ್ದೆ, ಅದನ್ನು 50 ಡಿಗ್ರಿಯಷ್ಟು ಬಿಸಿ ಮಾಡಿಟ್ಟೆ. ತಣ್ಣನೆಯ ಎಣ್ಣೆ ಮಂದವಾಗಿರುತ್ತೆ, ಶಾಖ ಬೇಗ ಎಳೆಯಲ್ಲ.

"ಎಣ್ಣೆ ಯಾಕಪ್ಪಾ, ನೀರ್ಗೆ ಅದ್ದು, ಇನ್ನೂ ಗಟ್ಟಿ ಆಯ್ತದೆ" ಅಂದರು ಆಚಾರ್ರು. ಅವರ ಮಚ್ಚಿನ ಉಕ್ಕಿಗೆ ಅದು ಸರಿ. ಒಎಚ್‌ಎನ್‌ಎಸ್ ಇಷ್ಟು ತೆಳುವಾಗಿದ್ದಾಗ ನೀರಿಗೆ ಅದ್ದಿದರೆ ಬಿರುಕು ಬಿಡುತ್ತೆ.

ಶಾಖ ನೋಡೋಕೆ ಆಯಸ್ಕಾಂತ ಹಿಡಿದಿದ್ದೆ. ಉಕ್ಕು 770 ಡಿಗ್ರಿ ಹತ್ತಿರ ಆಯಸ್ಕಾಂತಕ್ಕೆ ಅಂಟೋದು ನಿಲ್ಲಿಸುತ್ತೆ. ಅಲ್ಲಿಂದ ಸ್ವಲ್ಪ ಮೇಲೆ, 800ರ ಆಸುಪಾಸು ಬೇಕು. ತೊಂದರೆ ಏನೆಂದರೆ 122 ಮಿ.ಮೀ. ಪಟ್ಟಿ ಕುಲುಮೆಯಲ್ಲಿ ಎಲ್ಲ ಕಡೆ ಒಂದೇ ಸಮ ಕಾಯಲ್ಲ. ಗಾಳಿ ಬರುವ ಕಡೆ ತುದಿ ಕಿತ್ತಳೆ ಬಣ್ಣಕ್ಕೆ ಹೋಗಿತ್ತು, ಬಾಲ ಇನ್ನೂ ಮಂಕು ಕೆಂಪು. ಬಾಲ ಕಾಯಲಿ ಅಂತ ಕಾದಷ್ಟೂ ತುದಿ ಇನ್ನೂ ಬಿಳುಚಿತು. ಅದ್ದಿ ತೆಗೆದು ಕಲ್ಲಿನ ಮೇಲೆ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದರೆ ನಡುವೆ 0.7 ಬಾಗು. ಗ್ರೈಂಡಿಂಗ್‌ಗೆ ಅಂತ ಬಿಟ್ಟಿದ್ದ ಹೆಚ್ಚುವರಿ ದಪ್ಪ ಒಟ್ಟು 0.4. ಗ್ರೈಂಡಿಂಗ್‌ನಲ್ಲಿ ಸರಿಹೋಗುವ ಮಾತೇ ಇಲ್ಲ.

ಮನೆಗೆ ತಂದು ಓಟಿಜಿಯಲ್ಲಿ (ಅಡುಗೆಮನೆಯ ಓವನ್) 200 ಡಿಗ್ರಿಗೆ ಟೆಂಪರ್ (ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದು) ಮಾಡಿ, ವೈಸಿನಲ್ಲಿ ಮೂರು ಪಿನ್ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ಟಣ್ ಅಂತ ಎರಡು ತುಂಡು. ಕನ್ನಡಕ ಹಾಕಿದ್ದೆ, ಬಚಾವ್. ಮುರಿದ ಜಾಗ ನೋಡಿದರೆ ಉಪ್ಪಿನ ಹರಳಿನ ಹಾಗೆ ಮಿನುಗುವ ಕಾಳು. ಸರಿಯಾಗಿ ಹಾರ್ಡ್‌ನಿಂಗ್ ಆದ ಉಕ್ಕು ಮುರಿದಾಗ ಬೂದು ಬಣ್ಣದಲ್ಲಿ ನುಣ್ಣಗೆ ಕಾಣಬೇಕು. ಕಾಳು ದಪ್ಪ ಆಗಿದೆ ಅಂದರೆ ಅತಿಯಾಗಿ ಕಾದಿದೆ. ಬಾಗದೇ ಇದ್ದಿದ್ದರೂ ಈ ಬ್ಲೇಡ್ ಬಾಳುತ್ತಿರಲಿಲ್ಲ.

ಆಚಾರ್ರ ತಪ್ಪಲ್ಲ. ಕುಲುಮೆ ಇರೋದು ಮಚ್ಚಿಗೆ. ಮಚ್ಚು ಅರ್ಧ ಮಿಲಿಮೀಟರ್ ಬಾಗಿದರೆ ಅಡಿಗಲ್ಲಿನ ಮೇಲಿಟ್ಟು ಎರಡೇಟು ಹಾಕುತ್ತಾರೆ, ಮುಗೀತು.

4. ಎರಡನೇ ಬ್ಲೇಡ್, ಫರ್ನೇಸಿನಲ್ಲಿ

ಈ ಸಲ ಮಿನಿಮಮ್ ಚಾರ್ಜ್ ಕೊಟ್ಟೆ. ಕ್ರಮವನ್ನೂ ಬದಲಿಸಿದೆ. ರಫ್ ಮಿಲ್ಲಿಂಗ್ ಆದ ತಕ್ಷಣ 650 ಡಿಗ್ರಿಗೆ ಒಂದು ಗಂಟೆ ಇಟ್ಟು ಫರ್ನೇಸಿನೊಳಗೇ ತಣಿಯಲು ಬಿಟ್ಟರು. ಕತ್ತರಿಸುವಾಗ ಸೇರಿದ ಬಿಗಿ ಇದರಲ್ಲಿ ಹೋಗುತ್ತೆ. ಆಗ ಆದ ಚೂರು ಬಾಗನ್ನು ಮತ್ತೆ ಮಿಲ್ಲಿಂಗ್‌ನಲ್ಲಿ ತೆಗೆದು 3.4ಕ್ಕೆ ತಂದೆ. ಆಮೇಲೆ 800 ಡಿಗ್ರಿ. ಮೇಲ್ಮೈ ಸುಟ್ಟು ಇಂಗಾಲ ಕಳೆದುಕೊಳ್ಳದಿರಲಿ ಅಂತ ಸ್ಟೇನ್‌ಲೆಸ್ ಫಾಯಿಲ್ ಸುತ್ತಿದರು.

ಅದ್ದುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಪಟ್ಟಿಯನ್ನು ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಬೇಕು. ಅಡ್ಡ ಮಲಗಿಸಿ ಹಾಕಿದರೆ ಮೊದಲು ಮುಳುಗಿದ ಮೈ ಮೊದಲು ಕುಗ್ಗುತ್ತೆ. ಎಣ್ಣೆಯೊಳಗೆ ಆಡಿಸುವುದಾದರೆ ಮೇಲೆ ಕೆಳಗೆ ಮಾತ್ರ, ಅಕ್ಕಪಕ್ಕ ಅಲ್ಲ. ಇನ್ನೂ ಬಿಸಿ ಇರುವಾಗಲೇ, ಹೊಗೆ ನಿಂತ ಕೂಡಲೇ ತೆಗೆದು, 20 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ಪ್ಲೇಟಿನ ನಡುವೆ ಒತ್ತಿ ಕ್ಲಾಂಪ್ ಹಾಕಿದೆವು. ಆ ಹೊತ್ತಿನಲ್ಲಿ ಉಕ್ಕು ಪೂರ್ತಿ ಗಟ್ಟಿಯಾಗಿರಲ್ಲ, ಹೇಳಿದ ಹಾಗೆ ಕೇಳುತ್ತೆ. ಪೂರ್ತಿ ತಣ್ಣಗಾದ ಮೇಲೆ ಕೇಳಲ್ಲ. ಕ್ಲಾಂಪ್ ಬಿಚ್ಚದೆ 200 ಡಿಗ್ರಿಗೆ ಟೆಂಪರ್. ಬಾಗು 0.08. ಫೈಲ್ ಎಳೆದರೆ ಜಾರುತ್ತೆ, ಕಚ್ಚಲ್ಲ.

ಸರ್ಫೇಸ್ ಗ್ರೈಂಡಿಂಗ್ ಬೇರೆ ಕಡೆ ಕೊಟ್ಟೆ. ಕೊಡುವಾಗ ಒಂದು ಮಾತು ಹೇಳಲೇಬೇಕು. ಮ್ಯಾಗ್ನೆಟಿಕ್ ಚಕ್ ಬಾಗಿದ ಪಟ್ಟಿಯನ್ನು ಎಳೆದು ಚಪ್ಪಟೆ ಮಾಡಿಬಿಡುತ್ತೆ. ಮೇಲೆ ಕನ್ನಡಿ ಥರ ಗ್ರೈಂಡ್ ಆಗುತ್ತೆ. ಮ್ಯಾಗ್ನೆಟ್ ಆಫ್ ಮಾಡಿದ ಕೂಡಲೇ ಪಟ್ಟಿ ಮತ್ತೆ ಬಾಗುತ್ತೆ. ಮೊದಲ ಸಲ ಹಾಗೇ ಆಗಿ ವಾಪಸ್ ಬಂತು. ದಪ್ಪ ಎಲ್ಲ ಕಡೆ ಒಂದೇ, ಬಾಗು ಮಾತ್ರ ಹಾಗೇ ಇದೆ. ಬಾಗಿನ ಕೆಳಗೆ ತೆಳು ಕಾಗದ ಇಟ್ಟು, ಮ್ಯಾಗ್ನೆಟ್ ಕಡಿಮೆ ಮಾಡಿ, ಎರಡೂ ಮೈ ಮಗುಚಿ ಮಗುಚಿ ಸಣ್ಣ ಸಣ್ಣ ಕಟ್ ತೆಗೆಯಬೇಕು. ಗ್ರೈಂಡರ್ ಆಪರೇಟರ್‌ಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಚಿಕ್ಕ ಜಾಬ್ ಅಂತ ಬೇಗ ಮುಗಿಸಿದ್ದರು, ಅಷ್ಟೇ. ಎರಡನೇ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ. ದಪ್ಪ 3.02, ಬಾಗು 0.01ರ ಒಳಗೆ, ಎರಡು ಅಂಚುಗಳ ಅಗಲ 24.96, ವ್ಯತ್ಯಾಸ 0.005.

5. ಸೀಳು

ಸ್ಟಾಕಿನ ತುದಿಯಲ್ಲಿ 3 ಮಿ.ಮೀ. ಅಗಲ, 25 ಮಿ.ಮೀ.ಗಿಂತ ತುಸು ಹೆಚ್ಚು ಆಳದ ಸೀಳು ಬೇಕು. ಶೆಡ್ಡಿನಲ್ಲಿ 63 ಮಿ.ಮೀ. ವ್ಯಾಸದ ಸ್ಲಿಟಿಂಗ್ ಸಾ (ತೆಳು ದುಂಡು ಗರಗಸ) ಇತ್ತು. ಆರ್ಬರಿನ (ಸಾ ಹಿಡಿಯುವ ದಂಡ) ಕಾಲರ್ ಹೊರಗಿನ ವ್ಯಾಸ ಕಳೆದರೆ ಅದರಲ್ಲಿ ಸಿಗೋದು 13 ಮಿ.ಮೀ. ಆಳ ಮಾತ್ರ. 100 ಮಿ.ಮೀ. ವ್ಯಾಸದ ಸಾ ಕೊಳ್ಳಬೇಕಾಯಿತು. ಇಡೀ ಲೆಕ್ಕದಲ್ಲಿ ದುಬಾರಿ ಬಾಬ್ತುಗಳಲ್ಲಿ ಇದೂ ಒಂದು.

ನಿಧಾನ ಸ್ಪೀಡ್, ಧಾರಾಳ ಕೂಲೆಂಟ್, 5 ಮಿ.ಮೀ.ನಂತೆ ಆಳಕ್ಕೆ. ಸಾ ಸ್ವಲ್ಪ ಅಲ್ಲಾಡುವುದರಿಂದ ಸೀಳು ಯಾವಾಗಲೂ ಸಾ ದಪ್ಪಕ್ಕಿಂತ ಅಗಲ ಬರುತ್ತೆ. ನನಗೆ 3.07 ಬಂತು. ಬ್ಲೇಡ್ 3.02. ಆ 0.05 ಸಂದಿ ಗಮ್ ತುಂಬಲು ಬೇಕು, ಹಾಗಾಗಿ ಬೇಜಾರಿಲ್ಲ. ಆಳ 25.2 ಮಾಡಿ, ಬ್ಲೇಡಿನ ಹೊರ ಅಂಚು ಸ್ಟಾಕಿನ ತುದಿಯಿಂದ 0.1 ಹೊರಗೆ ಬರುವಂತೆ ಇಟ್ಟೆ. ಅಂದರೆ ಸೀಳಿನ ತಳಕ್ಕೆ ಬ್ಲೇಡ್ ಮುಟ್ಟಲ್ಲ. ಇದು ಬೇಕಂತಲೇ ಮಾಡಿದ್ದು. ತಳಕ್ಕೆ ಕೂತರೆ ಸೀಳಿನ ತಳ ಹೇಗಿದೆಯೋ ಕೋನ ಹಾಗೇ ಬರುತ್ತೆ. ಸಾ ಕೊಯ್ದ ತಳವನ್ನು ನಂಬೋಕೆ ಆಗಲ್ಲ.

6. ಜೋಡಣೆ, ಎರಡು ಸಲ

ಸ್ಟಾಕಿನ ಬೆನ್ನನ್ನು, ಅಂದರೆ ಹೊರಮೈಯನ್ನು, ಸರ್ಫೇಸ್ ಪ್ಲೇಟಿನ (ನಿಖರವಾಗಿ ಚಪ್ಪಟೆ ಮಾಡಿದ ಹಲಗೆ) ಮೇಲೆ ಮಲಗಿಸಿ, ಬ್ಲೇಡ್ ಮೇಲಕ್ಕೆ ನಿಲ್ಲಿಸಿ, ಅದರ ಹೊರ ಅಂಚನ್ನು ಸಿಲಿಂಡರಿಗೆ ಮುಟ್ಟಿಸಬೇಕು. ಹಿಂದೆ ಎಲ್‌ಇಡಿ ಬಲ್ಬ್, ಅದರ ಮುಂದೆ ಬಿಳಿ ಕಾಗದ. ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ಸಂದಿ ಇದೆ.

ಮೊದಲ ಸಲ ಗಮ್ ಹಾಕದೆ ಕ್ಲಾಂಪ್ ಬಿಗಿದು, ಸ್ಟಾಕಿಗೆ 4 ಮಿ.ಮೀ. ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಟೂಲ್) ಆಡಿಸಿ ಕಬ್ಬಿಣದ ಪಿನ್ ಹಾಕಿ ರಿವಿಟ್ ಹೊಡೆದೆ. ಹೊಡೆಯುವ ಮೊದಲು ಬೆಳಕೇ ಇರಲಿಲ್ಲ. ಹೊಡೆದ ಮೇಲೆ ತುದಿಯಲ್ಲಿ 0.11. ಪಿನ್ ಉಬ್ಬುವಾಗ 4.2 ತೂತಿನೊಳಗೆ ಬ್ಲೇಡನ್ನು ತಳ್ಳಿಕೊಂಡು ಹೋಗಿತ್ತು. ಪಿನ್‌ಗಳನ್ನು ಡ್ರಿಲ್ ಮಾಡಿ ತೆಗೆದೆ. ಬ್ಲೇಡ್ ಗಟ್ಟಿ ಇದ್ದಿದ್ದು ಇಲ್ಲಿ ಉಪಕಾರಕ್ಕೆ ಬಂತು. ಡ್ರಿಲ್ ತೂತಿನ ಗೋಡೆಗೆ ತಗಲಿದರೂ ಏನೂ ಆಗಲಿಲ್ಲ.

ಎರಡನೇ ಸಲ ಎಲ್ಲವನ್ನೂ ಥಿನ್ನರ್‌ನಲ್ಲಿ ತೊಳೆದು, ಸೀಳಿಗೆ ಲಾಕ್‌ಟೈಟ್ 638 ಅನ್ನುವ ಲೋಹ ಅಂಟಿಸುವ ಗಮ್ ಹಾಕಿದೆ. ಅದು 0.25 ಮಿ.ಮೀ. ವರೆಗಿನ ಸಂದಿ ತುಂಬುತ್ತೆ. ಒಂದೆರಡು ನಿಮಿಷದಲ್ಲಿ ಬಿಗಿಯೋಕೆ ಶುರು, ಆ ಹೊತ್ತಿನೊಳಗೆ ಬೆಳಕು ನೋಡಿ ಕೋನ ಕೂರಿಸಿ ಕೈ ತೆಗೆಯಬೇಕು. ಮೊದಲೇ ಒಂದೆರಡು ಸಲ ಒಣ ಅಭ್ಯಾಸ ಮಾಡಿಕೊಂಡರೆ ಗಾಬರಿ ಆಗಲ್ಲ. ಒಂದು ದಿನ ಮುಟ್ಟದೆ ಬಿಟ್ಟೆ. ಪಿನ್‌ಗಳನ್ನು ಈ ಸಲ ಕೆಂಪಗೆ ಕಾಯಿಸಿ ಬೂದಿಯಲ್ಲಿ ತಣಿಸಿ ಮೆತ್ತಗೆ ಮಾಡಿಕೊಂಡೆ. 200 ಗ್ರಾಂ ಸುತ್ತಿಗೆ, ಸಣ್ಣ ಏಟು, ಒಂದು ಪಿನ್ನಿಗೆ ಎರಡು ಕಡೆಯಿಂದಲೂ. ಪ್ರತಿ ಪಿನ್ ಆದ ಮೇಲೂ ಸಿಲಿಂಡರಿಗೆ ಇಟ್ಟು ನೋಡಿದೆ. ಮುಗಿದಾಗ ತುದಿಯಲ್ಲಿ, 120 ಎತ್ತರದಲ್ಲಿ, 0.02 ಫೀಲರ್ ಬಿಗಿಯಾಗಿ ತೂರುವಷ್ಟು. ತುದಿ ಸಿಲಿಂಡರಿನಿಂದ ದೂರಕ್ಕೆ ವಾಲಿತ್ತು.

ಶೆಡ್ಡಿನ ಗೆಳೆಯರು "ಸಾಕು ಬಿಡಿ, ಇಷ್ಟು ಯಾರು ನೋಡ್ತಾರೆ" ಅಂದರು. ಮಾತು ಸುಳ್ಳಲ್ಲ. ಆದರೆ ಕೆಲಸದ ನಿಜವಾದ ರುಚಿ ಇರೋದು ಇಲ್ಲಿಂದ ಮುಂದೆ.

7. ಕೊನೆಯ ಎರಡು ನೂರನೇ ಭಾಗ

ಎಲ್ಲಿ ತಿದ್ದೋದು? ಬ್ಲೇಡ್ ಗಟ್ಟಿ. ಅದರ ಅಂಚು ಉಜ್ಜಲು ವಜ್ರದ ಫೈಲ್ ಬೇಕು, ಉದ್ದಕ್ಕೂ ನೇರ ಉಳಿಸಿಕೊಳ್ಳೋದು ಕಷ್ಟ. ಸ್ಟಾಕ್ ಮೆತ್ತಗೆ, ಉದ್ದವೂ ಕಡಿಮೆ. ತಿದ್ದೋದಿದ್ದರೆ ಮೆತ್ತಗಿರೋದನ್ನೇ ತಿದ್ದಬೇಕು. 120ಕ್ಕೆ 0.02 ಅಂದರೆ ಸ್ಟಾಕಿನ 75 ಉದ್ದಕ್ಕೆ ಸುಮಾರು 0.012. ಬೆನ್ನಿನ ಮೈಯಲ್ಲಿ ಬ್ಲೇಡ್ ಕಡೆಯ ತುದಿಯಿಂದ 12 ಮೈಕ್ರಾನ್ ತೆಗೆದು, ಇನ್ನೊಂದು ತುದಿಗೆ ಹೋಗುವಾಗ ಸೊನ್ನೆ ಆಗಬೇಕು. ಒಳ ಮೈಗೆ ಇದರ ತಿರುವು, ಬ್ಲೇಡ್ ಕಡೆ ಸೊನ್ನೆ, ತೆರೆದ ತುದಿಯಲ್ಲಿ 12. ಆಗ 22 ಅಗಲ ಮತ್ತೆ ಸಮಾನಾಂತರ.

ಉಜ್ಜಲು ಅಡುಗೆಮನೆ ಕಟ್ಟೆಗೆ ಹಾಕುವ ಚಾಮರಾಜನಗರದ ಕರಿಕಲ್ಲಿನ ಒಂದು ಚೂರು ತಂದಿದ್ದೆ. ಪಾಲಿಶ್ ಇದೆ ಅಂದ ಮಾತ್ರಕ್ಕೆ ಚಪ್ಪಟೆ ಇದೆ ಅಂತಲ್ಲ. ಶೆಡ್ಡಿನ ಸರ್ಫೇಸ್ ಪ್ಲೇಟಿಗೆ ಬ್ಲೂ ಹಚ್ಚಿ, ನೇರಪಟ್ಟಿಯೊಂದನ್ನು ಅದಕ್ಕೆ ತಾಗಿಸಿ ತಂದು ಕಲ್ಲಿನ ಮೇಲೆ ಆಡಿಸಿದಾಗ ಒಂದು ಮೂಲೆಯಲ್ಲಿ ಮಾತ್ರ ಅಂಗೈ ಅಗಲ ಚೆನ್ನಾಗಿ ಬಣ್ಣ ಹಿಡಿಯಿತು. ಆ ಜಾಗಕ್ಕೆ ಚಾಕ್‌ನಿಂದ ಗುರುತು ಹಾಕಿ, ಅಲ್ಲಿಗೇ 800 ನಂಬರ್ ವಾಟರ್ ಪೇಪರ್ ಅಂಟಿಸಿದೆ.

ತೆಗೆಯಬೇಕಾದ ತುದಿಯ ಮೇಲೆ ಬೆರಳಿನ ಭಾರ ಇಟ್ಟು ಕೆಲವು ಎಳೆತ, ಒರೆಸಿ, ಸಿಲಿಂಡರಿಗೆ ಹಿಡಿದು ನೋಡುವುದು. ಇಲ್ಲೊಂದು ಕೈಕೊಟ್ಟ ವಿಷಯ ಇದೆ. ಉಜ್ಜಿದ ಕೂಡಲೇ ನೋಡಿದರೆ ಬೆಳಕು ಒಂದು ಥರ, ಕಾಫಿ ಕುಡಿದು ಬಂದು ನೋಡಿದರೆ ಇನ್ನೊಂದು ಥರ. ಅಂಗೈ ಬಿಸಿ ಸ್ಟಾಕಿನ ಒಂದೇ ಕಡೆಗೆ ತಗಲಿ ಅದು ಚೂರು ಬಾಗುತ್ತಿತ್ತು. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 11 ರಿಂದ 12 ಮೈಕ್ರಾನ್ ಹಿಗ್ಗುತ್ತೆ. ಎಲ್ಲ ಕಡೆ ಸಮ ಹಿಗ್ಗಿದರೆ ಕೋನ ಬದಲಾಗಲ್ಲ. ಒಂದು ಪಕ್ಕ ಮಾತ್ರ ಹಿಗ್ಗಿದರೆ ಬದಲಾಗುತ್ತೆ. ಆಮೇಲೆ ಹತ್ತಿಬಟ್ಟೆ ಸುತ್ತಿ ಹಿಡಿದೆ. ಉಜ್ಜಿದ ಮೇಲೆ ಕಲ್ಲಿನ ಮೇಲೆ ಹತ್ತು ನಿಮಿಷ ಬಿಟ್ಟು ನೋಡಿದೆ. ಅಲ್ಲಿಂದ ಅಳತೆ ಆಟ ಆಡೋದು ನಿಂತಿತು.

ಎಷ್ಟು ಬೆಳಕು ಅಂದರೆ ಎಷ್ಟು ಮೈಕ್ರಾನ್? ಇದಕ್ಕೆ ಕಣ್ಣನ್ನು ಮೊದಲು ಪಳಗಿಸಬೇಕು. ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ತುಂಡುಗಳು) ಇರುವ ಕಡೆ ಒಂದು ಸಂಜೆ ಕೂತು, ಅಕ್ಕಪಕ್ಕ ಸಮ ಎತ್ತರದ ಎರಡು, ನಡುವೆ 5 ಮೈಕ್ರಾನ್ ಕಡಿಮೆ ಬರುವ ಜೋಡಣೆ ಇಟ್ಟು, ಮೇಲೆ ನೈಫ್ ಎಡ್ಜ್ (ಚೂಪು ಅಂಚಿನ ನೇರಪಟ್ಟಿ) ಹಿಡಿದು ನೋಡಿದೆ. 5 ಮೈಕ್ರಾನ್ ಸಂದಿಯ ಬೆಳಕು ಸ್ಪಷ್ಟವಾಗಿಯೇ ಕಾಣುತ್ತೆ. ಇನ್ನೂ ಕಡಿಮೆ ಮಾಡುತ್ತಾ ಹೋದರೆ ಬೆಳಕಿಗೆ ನೀಲಿ ಛಾಯೆ ಬಂದು ಆಮೇಲೆ ಮಾಯ. ಫೀಲರ್ ಗೇಜಿನಲ್ಲಿ ಇದನ್ನು ಹಿಡಿಯೋಕೆ ಆಗಲ್ಲ.

ಕೊನೆಗೆ ನನ್ನ ಮೂಲೆಮಟ್ಟ ನಿಂತಿದ್ದು ಹೀಗೆ. ಬುಡದಲ್ಲಿ ಬೆಳಕಿಲ್ಲ, ತುದಿಯಲ್ಲಿ 5 ಮೈಕ್ರಾನಿಗಿಂತ ಸ್ವಲ್ಪ ಜಾಸ್ತಿ ಅನ್ನಿಸುವ ತೆಳು ಗೆರೆ. ಒಳಗಿನ ಮೈಗೆ ತಿರುಗಿಸಿ ನೋಡುವ ಪರೀಕ್ಷೆ ಮಾಡಿದೆ. ಚಿನ್ನದ ಕೆಲಸದವರು ಬಳಸುವ 10 ಪಟ್ಟಿನ ಲೂಪಿನಲ್ಲಿ ನೋಡಿದರೆ ಎರಡು ಗೆರೆಗಳು ಒಂದೇ ಆಗಿ ಕಂಡವು. ಗೆರೆಯ ದಪ್ಪವೇ 0.05 ಇರುವುದರಿಂದ ಈ ಪರೀಕ್ಷೆ ಇದಕ್ಕಿಂತ ಹೆಚ್ಚು ಹೇಳಲ್ಲ. ಸ್ಟಾಕಿನ ಅಗಲ ಮೂರು ಕಡೆ 0.004ರ ಒಳಗೆ ಇದೆ. ಜರ್ಮನಿಯ ಡಿಐಎನ್ 875 ಪ್ರಕಾರ 100 ಮಿ.ಮೀ.ಗೆ ಗ್ರೇಡ್ 0 ಅಂದರೆ 7 ಮೈಕ್ರಾನ್, ಗ್ರೇಡ್ 1 ಅಂದರೆ 15, ಗ್ರೇಡ್ 2 ಅಂದರೆ 30. ನನ್ನದನ್ನು ಗ್ರೇಡ್ 1 ಅಂತ ಧೈರ್ಯವಾಗಿ ಹೇಳಬಲ್ಲೆ. ಗ್ರೇಡ್ 0 ಅನ್ನೋಕೆ ಬೆಳಕಿನ ಗೆರೆ ಸಾಲದು, ಟೂಲ್ ರೂಮಿನ ಸರ್ಟಿಫಿಕೇಟ್ ಬೇಕು.

ಆಷಾಢದ ಮಳೆಯಲ್ಲಿ ಕೆಲಸ ಮಾಡಿದ್ದರಿಂದ ತುಕ್ಕಿನ ಕಾಟವೂ ಇತ್ತು. ಬೆರಳಿನ ಗುರುತು ಒಂದು ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತೆ. ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡಿ. ಸ್ಟಾಕಿನ ಪಕ್ಕಗಳನ್ನು ಕೋಲ್ಡ್ ಬ್ಲೂಯಿಂಗ್ ಮಾಡಿ ಕಪ್ಪು ಮಾಡಿದೆ, ಅಳತೆಯ ಮೈಗಳನ್ನು ಮುಟ್ಟಲಿಲ್ಲ.

ಖರ್ಚು

ಒಎಚ್‌ಎನ್‌ಎಸ್ ತುಂಡು, ಎರಡು ಬ್ಲೇಡಿಗೆ, 260 ರೂಪಾಯಿ. ಇಎನ್8 ರೌಂಡ್ ಮತ್ತು ಚೌಕ, ಬಾಗಿ ಹೋದ ತುಂಡು ಸೇರಿ, 340. 100 ಮಿ.ಮೀ. ಸ್ಲಿಟಿಂಗ್ ಸಾ 1,100. ರೀಮರ್, ಡ್ರಿಲ್ 450. ಕುಲುಮೆಗೆ 100, ಎಣ್ಣೆ 180. ಹೀಟ್ ಟ್ರೀಟ್‌ಮೆಂಟ್ 600. ಸರ್ಫೇಸ್ ಗ್ರೈಂಡಿಂಗ್ 700. ಲಾಕ್‌ಟೈಟ್ ಚಿಕ್ಕ ಬಾಟ್ಲಿ 500. ವಾಟರ್ ಪೇಪರ್, ಬ್ಲೂ, ಥಿನ್ನರ್ 220. ಮೆಷಿನ್ ಬಾಡಿಗೆ ಗೆಳೆಯರು ಬೇಡ ಅಂದರೂ 1,500 ಕೊಟ್ಟೆ. ಒಟ್ಟು 5,950.

ಕುಲುಮೆಯ ದಾರಿ ಹಿಡಿಯದೆ ಇದ್ದಿದ್ದರೆ, ಕಪ್ಪು ಬಾರ್ ತಂದಿದ್ದರೆ ನಾನೂರು ಐನೂರು ಉಳಿಯುತ್ತಿತ್ತು. ಬ್ಲೇಡಿಗೆ ಹಾರ್ಡ್‌ನಿಂಗ್ ಬೇಕೇ ಬೇಕಾ ಅಂದರೆ, ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಬೇಡ. ಗಟ್ಟಿ ಮಾಡದ ಬ್ಲೇಡಿನಲ್ಲೂ ಇದೇ ಕೋನ ಬರುತ್ತೆ, ಬಾಗಿನ ರಗಳೆ ಇಲ್ಲ, ಖರ್ಚು ಸಾವಿರಕ್ಕೂ ಜಾಸ್ತಿ ಕಡಿಮೆ. ದಿನಾ ಬಳಸುವುದಾದರೆ ಮಾತ್ರ ಗಟ್ಟಿ ಬ್ಲೇಡ್, ಇಲ್ಲದಿದ್ದರೆ ಅಂಚು ಬೇಗ ಸವೆಯುತ್ತೆ.

ಸಿಲಿಂಡರ್ ಈಗ ಮನೆಯಲ್ಲಿಲ್ಲ. ಮಿಲ್ಲಿಂಗ್ ಮೆಷಿನ್ ಹೆಡ್ ಚೆಕ್ ಮಾಡೋಕೆ ಅಂತ ಶೆಡ್ಡಿನವರು ಇಟ್ಟುಕೊಂಡಿದ್ದಾರೆ, ಆಯುಧ ಪೂಜೆಗೆ ಕುಂಕುಮ ಹಚ್ಚಿ ವಾಪಸ್ ಕೊಡ್ತೀವಿ ಅಂದಿದ್ದಾರೆ. ಅಲ್ಲಿಯವರೆಗೆ ಸ್ಲಿಟಿಂಗ್ ಸಾ ನನ್ನ ಹತ್ತಿರವೇ ಇರುತ್ತೆ. ಉಳಿದ ಒಎಚ್‌ಎನ್‌ಎಸ್ ಚೂರಿನಲ್ಲಿ 50 ಮಿ.ಮೀ.ದೊಂದು ಚಿಕ್ಕ ಮೂಲೆಮಟ್ಟಕ್ಕೆ ಬ್ಲೇಡ್ ಬರುತ್ತೆ. ಅದನ್ನು ಹಾರ್ಡ್‌ನಿಂಗ್ ಮಾಡಿಸದೆ ಹಾಗೇ ಮಾಡುವ ಯೋಚನೆ ಇದೆ.